ಎರಡು ಕೊಡ ನೀರು

ಕೇಳುಗರಿಗೆ ನಮಸ್ಕಾರ.

ದಸರಾ ರಜೆಗೆ ನನ್ನ ತಂಗಿಯ ಮಗಳು ದಾವಣಗೆರೆಯಿಂದ ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಚೀಲದಲ್ಲಿ ಬಟ್ಟೆಗಿಂತ ಪುಸ್ತಕದ ಭಾರವೇ ಹೆಚ್ಚು. ಮೂರು ಇಂಗ್ಲಿಷ್ ಕಾದಂಬರಿಗಳು, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ರಟ್ಟಿನ ಮೇಲೆ ಕಿರೀಟ, ಕತ್ತಿ, ರೆಕ್ಕೆ ಬಿಚ್ಚಿದ ಡ್ರ್ಯಾಗನ್. ಅವಳನ್ನು ಬಿಟ್ಟು ಹೋಗಲು ಬಂದಿದ್ದ ಅವಳ ಅಪ್ಪ ಚಹಾದ ಲೋಟ ಕೆಳಗಿಡುವ ಮೊದಲೇ ದೂರು ಹೇಳತೊಡಗಿದರು. “ಅಕ್ಕ, ನೀವು ಮಕ್ಕಳಿಗೆ ಪಾಠ ಹೇಳುವವರು. ನಿಮ್ಮ ಮಾತಾದರೆ ಕೇಳುತ್ತಾಳೆ. ಊಟಕ್ಕೆ ಕರೆದರೂ ತಲೆ ಎತ್ತುವುದಿಲ್ಲ. ಎಲ್ಲ ಮಾಟ, ಮಂತ್ರ, ಸುಳ್ಳು ಕಥೆ. ಇದರಿಂದ ಏನು ಬಂತು?”

ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಓದದೆ ತೀರ್ಪು ಹೇಳುವುದು ನನ್ನಿಂದ ಆಗದು. ಆ ರಜೆಯಲ್ಲಿ ಮೂರೂ ಪುಸ್ತಕಗಳನ್ನು ಓದಿದೆ, ಆಮೇಲೆ ಹುಡುಕಿ ಇನ್ನಷ್ಟು ಓದಿದೆ. ಹದಿಹರೆಯದವರಿಗಾಗಿ ಬರುವ ಈ ಫ್ಯಾಂಟಸಿ ಕಾದಂಬರಿಗಳ ಮೇಲೆ ಜನ ಹೊರಿಸುವ ದೂರುಗಳಲ್ಲಿ ಯಾವುದು ಜೊಳ್ಳು, ಯಾವುದು ಗಟ್ಟಿ ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ತಂಗಿಯ ಗಂಡನ ದೂರೇ. ಇದು ಸುಳ್ಳು, ಇದು ಪಲಾಯನ. ಈ ಮಾತು ಇಂಗ್ಲೆಂಡಿನಲ್ಲೂ ಹಳೆಯದು. ಅಲ್ಲಿನ ವಿದ್ವಾಂಸ ಟೋಲ್ಕಿನ್ 1939ರ ಒಂದು ಉಪನ್ಯಾಸದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸೆರೆಮನೆಯಲ್ಲಿರುವವನು ಹೊರಗಿನ ಮನೆಯನ್ನು ನೆನೆದರೆ ಅದನ್ನು ತಪ್ಪೆನ್ನಲಾಗದು, ರಣರಂಗದಿಂದ ಓಡಿಹೋಗುವವನ ಜೊತೆ ಅವನನ್ನು ಸೇರಿಸಬೇಡಿ ಎಂಬುದು ಅವರ ವಾದದ ತಿರುಳು. ನಮಗಂತೂ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ‘ಚಂದಮಾಮ’ ಬಂದ ದಿನ ಬೇತಾಳದ ಕಥೆಗಾಗಿ ಅಣ್ಣ ತಂಗಿಯರು ಕಿತ್ತಾಡಿದ ಮನೆಗಳಲ್ಲಿ ಬೆಳೆದವರು ನಾವು. ಆ ಬೇತಾಳ ಯಾರನ್ನೂ ಕೆಡಿಸಲಿಲ್ಲ. ಕಥೆಯ ಕೊನೆಗೆ ಒಂದು ಧರ್ಮಸಂಕಟದ ಪ್ರಶ್ನೆ ಕೇಳಿ, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತದೆ ಎನ್ನುತ್ತಿತ್ತು. ಅದಕ್ಕಿಂತ ಒಳ್ಳೆಯ ಮೇಷ್ಟ್ರು ಯಾರಿದ್ದಾರೆ?

ಇನ್ನೊಂದು ದೂರು, ಇವುಗಳಲ್ಲಿ ಸಾವು, ಕ್ರೌರ್ಯ ಹೆಚ್ಚು, ಎಳೆಯ ಮನಸ್ಸಿಗೆ ಭಾರ ಎನ್ನುವುದು. 2000ದಿಂದ 2009ರವರೆಗಿನ ದಶಕದಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದದ್ದು ಹ್ಯಾರಿ ಪಾಟರ್ ಸರಣಿ. ಮಾಟ ಕಲಿಸುತ್ತದೆ ಎಂದು ಕೆಲವರು, ಹೆದರಿಸುತ್ತದೆ ಎಂದು ಕೆಲವರು ದೂರಿದರು. ಆದರೆ ನಾವು ‘ಕೆರೆಗೆ ಹಾರ’ವನ್ನು ತರಗತಿಯಲ್ಲೇ ಹಾಡಿಸಿದವರು. ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುವ ಕಥೆ ಅದು. ಅವಳು ತವರಿಗೆ ಹೋಗಿ ಬರುವ ಭಾಗ ಬಂದಾಗ ಹಿಂದಿನ ಬೆಂಚಿನ ತುಂಟರೂ ಬಾಯಿ ಮುಚ್ಚುತ್ತಾರೆ. ಯಾವ ಮಗುವಿಗೂ ಅದರಿಂದ ಕೇಡಾದದ್ದನ್ನು ನಾನು ಕಂಡಿಲ್ಲ. ಕತ್ತಲನ್ನು ಮುಚ್ಚಿಟ್ಟು ಮಕ್ಕಳನ್ನು ಸಾಕಿದ ಪರಂಪರೆ ನಮ್ಮದಲ್ಲ.

ಪುಸ್ತಕಗಳನ್ನು ವ್ಯಾಪಾರಕ್ಕಾಗಿ ಮೂರು ಸಂಪುಟಕ್ಕೆ ಎಳೆಯುತ್ತಾರೆ ಎಂಬ ದೂರೂ ಇದೆ. ಅದು ನಿಜ. ನಾನು ಓದಿದ ಒಂದರಲ್ಲಿ ನಡುವಿನ ಸಂಪುಟ ಇಲ್ಲದಿದ್ದರೂ ನಡೆಯುತ್ತಿತ್ತು.

ಈಗ ನನ್ನ ನಿದ್ದೆ ಕೆಡಿಸಿದ ದೂರಿಗೆ ಬರುತ್ತೇನೆ. ಈ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಅಚ್ಚು ಇದೆ. ತಾಯಿ ತಂದೆ ಇಲ್ಲದ ಹುಡುಗ ಅಥವಾ ಹುಡುಗಿ, ಯಾರದೋ ಮನೆಯ ಮೂಲೆಯಲ್ಲಿ ಬೆಳೆಯುವುದು. ಹದಿನಾರು ತುಂಬುವ ಹೊತ್ತಿಗೆ ಮೈಮೇಲಿನ ಮಚ್ಚೆಯೋ ಹಳೆಯ ಉಂಗುರವೋ ಒಂದು ಗುಟ್ಟನ್ನು ಬಿಚ್ಚುತ್ತದೆ: ನೀನು ಸಾಮಾನ್ಯಳಲ್ಲ, ನಿನ್ನ ಮೈಯಲ್ಲಿ ರಾಜವಂಶದ ರಕ್ತವಿದೆ, ನೂರಾರು ವರ್ಷಗಳ ಹಿಂದೆಯೇ ನಿನ್ನ ಬರವನ್ನು ಭವಿಷ್ಯ ನುಡಿದಿದ್ದಾರೆ. ವರ್ಷಗಟ್ಟಲೆ ಗರಡಿಯಲ್ಲಿ ಬೆವರು ಹರಿಸಿದವರು ಪಕ್ಕಕ್ಕೆ ಸರಿಯುತ್ತಾರೆ, ನಿನ್ನೆ ಮೊನ್ನೆ ಕತ್ತಿ ಹಿಡಿದವಳು ಲೋಕವನ್ನು ಉಳಿಸುತ್ತಾಳೆ. ಯಾಕೆಂದರೆ ಅವಳ ಹುಟ್ಟು ಹಾಗಿದೆ. ವಿಮರ್ಶಕರು ಇದನ್ನು ಸವಕಲು ತಂತ್ರ ಎಂದು ಬೈಯುತ್ತಾರೆ. ನನಗೆ ಅದು ಸವಕಲು ಎಂಬುದು ದೊಡ್ಡ ವಿಷಯವಲ್ಲ. ಯೋಗ್ಯತೆ ರಕ್ತದಲ್ಲಿ ಬರುತ್ತದೆ ಎಂಬ ಮಾತನ್ನು ಈ ನಾಡಿನಲ್ಲಿ ಕುಳಿತು ಓದುವ ಮಗುವಿಗೆ ಅದು ಬರೀ ಕಥೆಯಾಗಿ ಕೇಳಿಸುವುದಿಲ್ಲ. ನನ್ನ ತರಗತಿಯಲ್ಲಿ ಹಟ್ಟಿಯಿಂದ ಬರುವ ಮಕ್ಕಳಿದ್ದಾರೆ, ಕಾಲೊನಿಯಿಂದ ಬರುವ ಮಕ್ಕಳಿದ್ದಾರೆ. ಹುಟ್ಟಿನ ಮಾತು ಅವರಿಗೆ ಎಲ್ಲಿ ಚುಚ್ಚುತ್ತದೆ ಎಂಬುದು ನನಗೆ ಗೊತ್ತು.

ಹುಟ್ಟಿನ ಗುಟ್ಟು ನಮ್ಮ ಕಾವ್ಯದಲ್ಲೂ ಇದೆ, ಕರ್ಣನ ಕಥೆಯೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಅಲ್ಲಿ ಏನಾಗುತ್ತದೆ ನೋಡಿ. ಸಾವಿರ ವರ್ಷಗಳ ಹಿಂದೆ ಪಂಪ ‘ಕುಲಂ ಕುಲಮಲ್ತು’ ಎಂಬ ಮಾತನ್ನು ಕರ್ಣನ ಬಾಯಲ್ಲೇ ಆಡಿಸಿದ. ಛಲವೇ ಕುಲ, ಗುಣವೇ ಕುಲ ಎಂದು ಹಿರಿಯರ ಎದುರು ನಿಂತು ಹೇಳುವವನು ಅವನು. ತಾನು ಕುಂತಿಯ ಮಗ ಎಂಬುದು ತಿಳಿದಾಗ ಅವನಿಗೆ ಸಿಂಹಾಸನ ಸಿಗುವುದಿಲ್ಲ. ಎದುರಿಗೆ ನಿಂತವರು ತಮ್ಮಂದಿರು ಎಂದು ಗೊತ್ತಾಗಿ ಅವನ ಕೈ ಸೋಲುತ್ತದೆ. ಆ ಗುಟ್ಟು ಅವನ ಪಾಲಿಗೆ ಹೊರೆಯಾಗಿ ಬರುತ್ತದೆ. ಎರಡರ ನಡುವಿನ ಅಂತರ ಅಜಗಜಾಂತರ.

ನಮ್ಮ ದುರ್ಗದ ಮೇಲೆಯೇ ಇನ್ನೊಂದು ಉದಾಹರಣೆ ಇದೆ, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ. ಪ್ರತಿ ವರ್ಷ ಮಕ್ಕಳನ್ನು ಓಬವ್ವನ ಕಿಂಡಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಬಂಡೆಗಳ ನಡುವೆ ಮೈ ಹಿಂಡಿಕೊಂಡು ನುಸುಳಿದ ಮೇಲೆಯೇ ಆ ಕಥೆ ಅರ್ಥವಾಗುವುದು. ಒಂದು ಸಲಕ್ಕೆ ಒಂದೇ ತಲೆ ಹೊರಬರುವಷ್ಟು ಜಾಗ. ಗಂಡ ಊಟಕ್ಕೆ ಬಂದಾಗ ನೀರು ತರಲು ಹೋದ ಹೆಂಗಸು, ಕೈಯಲ್ಲಿದ್ದದ್ದು ಮನೆಯ ಒನಕೆ. ಯಾವ ಜೋಯಿಸರೂ ಅವಳ ಬಗ್ಗೆ ಭವಿಷ್ಯ ನುಡಿದಿರಲಿಲ್ಲ.

ನ್ಯಾಯವಾಗಿ ಒಂದು ಮಾತನ್ನು ಹೇಳಲೇಬೇಕು. ಈ ಪ್ರಕಾರದ ಒಳ್ಳೆಯ ಲೇಖಕರಿಗೆ ಇದರ ಅರಿವಿದೆ. 1997ರಲ್ಲಿ ಶುರುವಾಗಿ 2007ರಲ್ಲಿ ಏಳನೆಯ ಸಂಪುಟಕ್ಕೆ ಮುಗಿದ ಹ್ಯಾರಿ ಪಾಟರ್ ಸರಣಿಯಲ್ಲಿ ರಕ್ತಶುದ್ಧಿಯ ಹುಚ್ಚು ಹಿಡಿದವರೇ ದುಷ್ಟರು. ತರಗತಿಯಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗಿಯ ತಾಯಿ ತಂದೆ ಮಂತ್ರದ ಗಂಧವೇ ಇಲ್ಲದ ಹಲ್ಲಿನ ವೈದ್ಯರು. ನನ್ನ ಸಿಟ್ಟು ಅದರ ಹಿಂದೆ ಸಾಲುಗಟ್ಟಿ ಬಂದ ನಕಲುಗಳ ಮೇಲೆ.

ಪ್ರೇಮದ ಕಡೆಗೂ ಒಂದು ದೂರಿದೆ, ಅದರಲ್ಲಿ ನಾನು ದೂರುವವರ ಪಕ್ಷ. 2005ರಲ್ಲಿ ಮೊದಲ ಭಾಗ ಬಂದ ಬಹಳ ಜನಪ್ರಿಯ ಸರಣಿಯೊಂದರಲ್ಲಿ ನೂರು ವರ್ಷ ದಾಟಿಯೂ ಹುಡುಗನಂತೆಯೇ ಉಳಿದ ರಕ್ತಪಿಶಾಚಿ, ಹದಿನೇಳರ ಹುಡುಗಿ ಮಲಗಿರುವಾಗ ಅವಳಿಗೆ ತಿಳಿಯದಂತೆ ಕೋಣೆಗೆ ಬಂದು ರಾತ್ರಿಯಿಡೀ ನೋಡುತ್ತಾ ನಿಲ್ಲುತ್ತಾನೆ. ಕಥೆ ಅದನ್ನು ಪ್ರೀತಿ ಎಂದು ಕರೆಯುತ್ತದೆ. ಬಸ್ ನಿಲ್ದಾಣದಿಂದ ಶಾಲೆಯವರೆಗೆ ಯಾರೋ ದಿನವೂ ಹಿಂಬಾಲಿಸುತ್ತಾನೆಂದು ಅಳುತ್ತಾ ಬಂದ ಹುಡುಗಿಯರನ್ನು ನಾನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಮಾತನಾಡಿಸಿದ್ದೇನೆ. ಹಿಂಬಾಲಿಸುವುದನ್ನು ಪ್ರೀತಿ ಎಂದು ಬಣ್ಣಿಸುವ ಪುಸ್ತಕ ಎಷ್ಟೇ ಸೊಗಸಾಗಿ ಓದಿಸಿಕೊಂಡು ಹೋದರೂ ನನಗೆ ಒಪ್ಪಿಗೆಯಿಲ್ಲ. ತಂಗಿಯ ಮಗಳಿಗೂ ಇದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ದೊಡ್ಡಮ್ಮ, ನನಗೂ ಆ ಜಾಗದಲ್ಲಿ ಏನೋ ಒಂಥರಾ ಆಗಿತ್ತು” ಎಂದಳು. ಮಕ್ಕಳಿಗೆ ತಿಳಿಯುತ್ತದೆ. ಯಾರಾದರೂ ಜೊತೆಗೆ ಕುಳಿತು ಓದಬೇಕು, ಅಷ್ಟೇ.

ಕಳೆದ ವರ್ಷ ನಮ್ಮ ಶಾಲೆಯಲ್ಲಿ ಮಕ್ಕಳಿಂದ ಅದ್ಭುತ ಕಥೆ ಬರೆಸಿದೆ. ನಾನು ಕಲಿಸುವುದು ಹಿರಿಯೂರು ತಾಲ್ಲೂಕಿನ ಹಳ್ಳಿಯಲ್ಲಿ. ಸುತ್ತ ಶೇಂಗಾ ಹೊಲ, ಜಾಲಿ, ಬಿಸಿಲು. ಎಂಟನೆಯ ತರಗತಿಯ ಒಬ್ಬ ಹುಡುಗಿ ಬರೆದ ಕಥೆಯ ಮೊದಲ ಸಾಲು, ‘ಅಂದು ರಾತ್ರಿ ಕೋಟೆಯ ಮೇಲೆ ಹಿಮ ಬೀಳುತ್ತಿತ್ತು.’ ಅವಳು ಹಿಮವನ್ನು ಟಿವಿಯಲ್ಲಿ ಬಿಟ್ಟರೆ ಎಲ್ಲೂ ಕಂಡವಳಲ್ಲ. ಅವಳು ಕಂಡ ಕೋಟೆಯ ಮೇಲೆ ಏಪ್ರಿಲ್‌ನಲ್ಲಿ ಬರಿಗಾಲು ಇಡಲಾಗದು. ಆದರೂ ಮಾಯೆ ನಡೆಯಬೇಕಾದರೆ ಹಿಮ ಬೇಕು, ಕಥೆಯ ಹುಡುಗಿಯ ಕಣ್ಣು ನೀಲಿಯಾಗಿರಬೇಕು ಎಂದು ಅವಳಿಗೆ ಯಾರು ಹೇಳಿಕೊಟ್ಟರು?

ಈ ದೂರನ್ನು ಇಂಗ್ಲಿಷಿನವರೇ ಮೊದಲು ಎತ್ತಿದ್ದಾರೆ: ಮಾಯಾಲೋಕವೆಂದರೆ ಯಾಕೆ ಯಾವಾಗಲೂ ಯುರೋಪಿನ ಮಧ್ಯಯುಗ? ಅಮೆರಿಕದ ಉರ್ಸುಲಾ ಲೆ ಗ್ವಿನ್ 1968ರಲ್ಲೇ ತಮ್ಮ ಮಾಂತ್ರಿಕ ಬಾಲಕನನ್ನು ಕಂದು ಮೈಬಣ್ಣದವನನ್ನಾಗಿ ಮಾಡಿದರು. ಮುಂದೆ ಅದನ್ನು ಟಿವಿಗೆ ತಂದವರು ಆ ಪಾತ್ರವನ್ನು ಬಿಳಿಯ ನಟನಿಗೆ ಕೊಟ್ಟಾಗ ಅವರು ಬಹಿರಂಗವಾಗಿಯೇ ಸಿಟ್ಟಾದರು. ಪಶ್ಚಿಮ ಆಫ್ರಿಕಾದ ಯೊರುಬಾ ದೈವಗಳ ಸುತ್ತ ಹೆಣೆದ ಹದಿಹರೆಯದವರ ಕಾದಂಬರಿ 2018ರಲ್ಲಿ ಬಂದು ಲೋಕವೆಲ್ಲ ಓದಿತು. ನಮ್ಮ ದುರ್ಗದಲ್ಲಿ ಹಿಡಿಂಬೇಶ್ವರನ ಗುಡಿಯಿದೆ, ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಜಟಾಯುವಿನ ನೆನಪಿದೆ, ಕಾಡುಗೊಲ್ಲರು ಗಣೆ ಎಂಬ ಕೊಳಲನ್ನು ಊದಿ ಹಾಡುವ ದೈವ ಜುಂಜಪ್ಪನಿದ್ದಾನೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಜನಪದ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡಿದ್ದರು. ಇಷ್ಟಿದ್ದೂ ಹದಿನಾಲ್ಕರ ಹುಡುಗಿಯೊಬ್ಬಳು ಕನ್ನಡದಲ್ಲಿ ಇಂಥ ಕಾದಂಬರಿ ಕೇಳಿದರೆ ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ನಾನು ಕೈ ಇಡುವ ಜಾಗವಿಲ್ಲ. ಚಿಕ್ಕ ಮಕ್ಕಳ ಕಥೆಯಿಂದ ನೇರ ತರಾಸು ಅವರ ದುರ್ಗದ ಕಾದಂಬರಿಗಳಿಗೆ ಜಿಗಿಯಬೇಕು. ನಡುವಿನ ಮೆಟ್ಟಿಲು ಇಲ್ಲ.

ಆ ಹುಡುಗಿಯನ್ನು ನಾನು ತಿದ್ದಲಿಲ್ಲ. ಮರುದಿನ ತರಗತಿಯಲ್ಲಿ ಪಠ್ಯ ಮುಚ್ಚಿಟ್ಟು, ಹೂವಿನ ಗಿಡವಾಗುವ ಹುಡುಗಿಯ ಕಥೆ ಹೇಳಿದೆ. ಉತ್ತರ ಕರ್ನಾಟಕದ ಹೆಂಗಸರು ಹೇಳುತ್ತಿದ್ದ ಈ ಕಥೆಯನ್ನು ಎ. ಕೆ. ರಾಮಾನುಜನ್ ಸಂಗ್ರಹಿಸಿದರು. 2006ರಲ್ಲಿ ವಿಯೆನ್ನಾದಲ್ಲಿ ಇದು ಸಂಗೀತ ರೂಪಕವಾಗಿ ರಂಗ ಏರಿತು.

ಬಡ ಮುದುಕಿ, ಇಬ್ಬರು ಹೆಣ್ಣುಮಕ್ಕಳು. ತಾಯಿ ಕೂಲಿ ಮಾಡಿ ಬಸವಳಿಯುವುದನ್ನು ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಎರಡು ಕೊಡ ನೀರು ತಾ, ಉಗುರು ಸೋಕಬಾರದು. ಒಂದನ್ನು ನನ್ನ ಮೇಲೆ ಸುರಿ, ನಾನು ಹೂವಿನ ಗಿಡವಾಗುತ್ತೇನೆ. ಬೇಕಾದಷ್ಟು ಹೂ ಬಿಡಿಸಿಕೋ, ಆದರೆ ಒಂದು ಚಿಗುರೂ ಮುರಿಯಬಾರದು, ಒಂದು ಎಲೆಯೂ ಹರಿಯಬಾರದು. ಆಮೇಲೆ ಎರಡನೆಯ ಕೊಡದ ನೀರನ್ನು ಸುರಿ, ಮತ್ತೆ ಮನುಷ್ಯಳಾಗುತ್ತೇನೆ. ಹೂ ಮಾರಿ ಮನೆ ನಡೆಯುತ್ತದೆ. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ನಮ್ಮ ಇಂದಿನ ಕಾದಂಬರಿಯಾಗಿದ್ದರೆ ಅಲ್ಲಿಗೇ ಕಿರೀಟ ತೊಡಿಸಿಬಿಡುತ್ತಿದ್ದರು. ಇಲ್ಲಿ ಸಂಕಟ ಶುರುವಾಗುವುದೇ ಆಮೇಲೆ. ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಗೆಳತಿಯರ ಮುಂದೆ ಗಿಡವಾಗು ಎಂದು ಕಾಡುತ್ತಾಳೆ. ಹುಡುಗಿಯರು ಕೊಂಬೆ ಮುರಿಯುತ್ತಾರೆ, ಎಲೆ ಹರಿಯುತ್ತಾರೆ, ನೀರನ್ನು ಹೇಗೋ ಚೆಲ್ಲಿ ಮನೆಗೆ ಓಡುತ್ತಾರೆ. ಅವಳು ಕೈಕಾಲಿಲ್ಲದ ಮೈಯಾಗಿ ಉಳಿಯುತ್ತಾಳೆ. ಎಷ್ಟೋ ಕಾಲದ ಮೇಲೆ ಗಂಡನ ಕಣ್ಣಿಗೆ ಬೀಳುತ್ತಾಳೆ. ಅವನು ನೀರು ಸುರಿದು, ಗಿಡವಾದವಳ ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಎರಡನೆಯ ಕೊಡವನ್ನು ಸುರಿದಾಗ ಅವಳು ಇಡಿಯಾಗಿ ಎದ್ದು ನಿಲ್ಲುತ್ತಾಳೆ.

ನಾನು ಓದಿದ ಆ ದಪ್ಪ ಪುಸ್ತಕಗಳಲ್ಲಿ ನನಗೆ ಕೊರತೆ ಅನಿಸಿದ್ದು ಈ ಎರಡನೆಯ ಕೊಡ. ಅಲ್ಲಿ ಬೆರಳ ತುದಿಯಿಂದ ಬೆಂಕಿ ಬರುತ್ತದೆ, ಬೆರಳು ಸುಡುವುದಿಲ್ಲ. ಸತ್ತವರು ಮುಂದಿನ ಸಂಪುಟದಲ್ಲಿ ಎದ್ದು ಬರುತ್ತಾರೆ, ಅದಕ್ಕೆ ಯಾರೂ ಬೆಲೆ ತೆರುವುದಿಲ್ಲ. ಮಾಯೆಗೆ ಕಟ್ಟಳೆ ಇಲ್ಲದಿದ್ದರೆ ಭಯವೂ ಇಲ್ಲ, ಕರುಣೆಯೂ ಹುಟ್ಟುವುದಿಲ್ಲ. ನಮ್ಮ ಅಜ್ಜಿಯರು ಇದನ್ನು ಹಿತ್ತಲಿನಲ್ಲಿ ಕುಳಿತು ಬಿಡಿಸಿ ಹೇಳಿದ್ದರು.

ಕಥೆ ಕೇಳಿದ ಆ ಹುಡುಗಿ ವಾರ ಬಿಟ್ಟು ಬೇರೆ ನೋಟ್‌ಬುಕ್ ತಂದು ಕೊಟ್ಟಳು. ಹಿಮ ಇರಲಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆ ವರ್ಷ ಅಜ್ಜನ ಕೈ ಹಿಡಿದು ಕೋಡಿ ನೋಡಲು ಹೋಗಿದ್ದ ಮಗು ಅವಳು. ಅವಳ ಹೊಸ ಕಥೆಯಲ್ಲಿ ನೆಲದೊಳಗೆ ಹರಿಯುವ ನೀರಿನ ಸದ್ದು ಕೇಳಿಸಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸುವವರು ಸೋತ ಹೊಲದಲ್ಲಿ ಇವಳು ಕಿವಿಯನ್ನು ನೆಲಕ್ಕೆ ಹಚ್ಚಿ ಜಾಗ ತೋರಿಸುತ್ತಾಳೆ. ಆದರೆ ಒಂದೊಂದು ಸಲ ನೀರು ತೋರಿಸಿದಾಗಲೂ ಮನೆಯ ಒಬ್ಬೊಬ್ಬರ ದನಿ ಅವಳಿಗೆ ಕೇಳದಂತಾಗುತ್ತದೆ. ಮೊದಲು ಅಜ್ಜಿಯ ಹಾಡು ಹೋಯಿತು. ಆಮೇಲೆ ಅಜ್ಜನ ಕೆಮ್ಮು, ಅಪ್ಪನ ಕೂಗು, ತಮ್ಮನ ಜಗಳ. ಐದನೆಯ ಸಲ ಊರಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದಾರೆ, ಕುಡಿಯುವ ನೀರಿಲ್ಲ. ಒಳಗೆ ಅಮ್ಮ ರೊಟ್ಟಿ ತಟ್ಟುತ್ತಾ ಅವಳನ್ನು ಊಟಕ್ಕೆ ಕರೆಯುತ್ತಿದ್ದಾಳೆ.

ನೋಟ್‌ಬುಕ್ಕಿನ ಹಾಳೆ ಅಲ್ಲಿಗೆ ಮುಗಿದಿತ್ತು. ರಜೆಯಲ್ಲಿ ಅದನ್ನು ತಂಗಿಯ ಮಗಳಿಗೆ ಓದಲು ಕೊಟ್ಟೆ. ಡ್ರ್ಯಾಗನ್ನಿನ ಪುಸ್ತಕವನ್ನು ಮಗುಚಿಟ್ಟು, ಕಿಟಕಿಯ ಬಳಿ ನಿಂತೇ ಓದಿದಳು. ಊಟಕ್ಕೆ ಕರೆದೆ, ತಲೆ ಎತ್ತಲಿಲ್ಲ. ಕೊನೆಗೆ ಬಂದು, “ದೊಡ್ಡಮ್ಮ, ಅವಳು ನೀರು ತೋರಿಸಿದಳಾ?” ಎಂದು ಕೇಳಿದಳು.

ನಾನು ಆ ಹುಡುಗಿಗೆ ಇನ್ನೂರು ಪುಟದ ಹೊಸ ನೋಟ್‌ಬುಕ್ ಕೊಟ್ಟಿದ್ದೇನೆ. ಸೋಮವಾರ ತರುತ್ತೇನೆ ಎಂದಿದ್ದಾಳೆ.

ನಮಸ್ಕಾರ.