ಬೇಸಿಗೆ ವಿಜ್ಞಾನ ಶಿಬಿರದ ಮೊದಲ ದಿನ: 12 ಗಂಟೆ 17 ನಿಮಿಷ

ವೀಕ್ಷಕರೇ, ನಮಸ್ಕಾರ. ಇಂದು ಏಪ್ರಿಲ್ 24. ಬೆಂಗಳೂರಿನ ನಮ್ಮ ಬೇಸಿಗೆ ವಿಜ್ಞಾನ ಶಿಬಿರದ ತರಗತಿಗಳು ಇಂದು ಆರಂಭವಾಗುತ್ತಿದ್ದು, ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗೆ ಮೊದಲ ಪಾಠ ಮಾಡುವ ಹೊಣೆ ನನ್ನದು. ಹೆಸರು ನೋಂದಣಿ, ಅಂಗಿಗೆ ಚೀಟಿ ಅಂಟಿಸುವುದು, ಗೇಟಿನ ಬಳಿ ಅಪ್ಪ ಅಮ್ಮಂದಿರ ಕೊನೆಯ ಸೂಚನೆಗಳು ಇವೆಲ್ಲವೂ ದೃಶ್ಯದಲ್ಲಿಯೇ ಕಾಣುತ್ತಿರುವುದರಿಂದ ನಾನು ನೇರವಾಗಿ ಪಾಠಕ್ಕೆ ಬರುತ್ತೇನೆ.

ಈ ದಿನಾಂಕವನ್ನು ಬೇಕೆಂದೇ ಆರಿಸಿಕೊಂಡದ್ದು. ಮಾರ್ಚ್ 21ರ ಸುಮಾರಿಗೆ ಸಮಭಾಜಕ ವೃತ್ತದ ನೆತ್ತಿಯ ಮೇಲಿದ್ದ ಸೂರ್ಯ ದಿನದಿನವೂ ಉತ್ತರಕ್ಕೆ ಸರಿಯುತ್ತಾ, ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನ ನೆತ್ತಿಗೆ ಏಪ್ರಿಲ್ 24 ಅಥವಾ 25ರಂದು ಬರುತ್ತಾನೆ. ಆ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕಡ್ಡಿಗೆ ಒಂದೆರಡು ನಿಮಿಷದ ಮಟ್ಟಿಗೆ ನೆರಳೇ ಇರುವುದಿಲ್ಲ. ಪತ್ರಿಕೆಗಳು ಇದನ್ನು ಶೂನ್ಯ ನೆರಳಿನ ದಿನ ಎಂದು ಬರೆಯುತ್ತವೆ. ಶಿಬಿರದ ಮೊದಲ ದಿನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ, ಏಕೆಂದರೆ ಇಲ್ಲಿ ಮಗು ಯಾರ ಮಾತನ್ನೂ ನಂಬಬೇಕಾಗಿಲ್ಲ. ನೆಲವನ್ನು ನೋಡಿದರೆ ಸಾಕು.

ಈಗ ಮಕ್ಕಳ ಕೈಯಲ್ಲಿ ಕಾಣುತ್ತಿರುವ ನೀಲಿ ಡಬ್ಬದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಇದು ಶಿಬಿರಕ್ಕೆ ಸೇರಿದವರೆಲ್ಲರೂ ಕಡ್ಡಾಯವಾಗಿ ಕೊಳ್ಳಬೇಕಾದ ಕಿಟ್. ಶುಲ್ಕವಲ್ಲದೆ ಇದಕ್ಕೇ ಪ್ರತ್ಯೇಕವಾಗಿ 600 ರೂಪಾಯಿ. ಒಳಗಿರುವುದು 30 ಸೆಂಟಿಮೀಟರ್ ಉದ್ದದ ಒಂದು ಪ್ಲಾಸ್ಟಿಕ್ ಕಡ್ಡಿ, ಅದನ್ನು ನಿಲ್ಲಿಸಲು ಒಂದು ಬಿಲ್ಲೆ, ಒಂದು ಅಳತೆಪಟ್ಟಿ, ಒಂದು ಕೋನಮಾಪಕ, ಒಂದು ಪುಟ್ಟ ದಿಕ್ಸೂಚಿ ಮತ್ತು ಮುದ್ರಿಸಿದ ಕೆಲವು ಹಾಳೆಗಳು. ಇವುಗಳಲ್ಲಿ ಹೆಚ್ಚಿನವು ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಈಗಾಗಲೇ ಇವೆ. ಉಳಿದದ್ದನ್ನು ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಇದರ ಕಾಲುಭಾಗದ ಹಣಕ್ಕೆ ತರಬಹುದು. ಸೈಕಲ್ ಚಕ್ರದ ಹಳೆಯ ಕಡ್ಡಿಯೊಂದನ್ನು ಜೇಡಿಮಣ್ಣಿನ ಉಂಡೆಗೆ ಚುಚ್ಚಿ, ಗಾರೆ ಕೆಲಸದವರು ಮಾಡುವಂತೆ ದಾರಕ್ಕೆ ಗುಂಡು ಕಟ್ಟಿ ಅದು ನೆಟ್ಟಗಿದೆಯೇ ಎಂದು ನೋಡಿಕೊಂಡರೆ, ಈ ಪ್ಲಾಸ್ಟಿಕ್ ಕಡ್ಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಇಬ್ಬರು ಮಕ್ಕಳನ್ನು ಕಳುಹಿಸುವ ಮನೆಗೆ 1,200 ರೂಪಾಯಿ ಸಣ್ಣ ಮೊತ್ತವಲ್ಲ. ಇಂತಹ ವೆಚ್ಚದ ಕಾರಣಕ್ಕೇ ಎಷ್ಟೋ ಮಕ್ಕಳು ಬೇಸಿಗೆ ಶಿಬಿರಗಳ ಬಾಗಿಲಿಗೂ ಬರುವುದಿಲ್ಲ ಎಂಬುದು ನನ್ನ ನಿಜವಾದ ಸಂಕಟ.

ಬೆಲೆಗಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಆ ಡಬ್ಬದೊಳಗಿನ ಹಾಳೆ. ಹತ್ತಿರದಿಂದ ತೋರಿಸುತ್ತೇನೆ: "ಮಧ್ಯಾಹ್ನ 12 ಗಂಟೆ, ನೆರಳಿನ ಉದ್ದ 0" ಎಂದು ಅಚ್ಚು ಹಾಕಿದ್ದಾರೆ. ಗಡಿಯಾರ ಹನ್ನೆರಡು ತೋರಿಸಿದಾಗ ಕಡ್ಡಿಯ ಪಶ್ಚಿಮಕ್ಕೆ ಎರಡು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದದ ನೆರಳು ಸ್ಪಷ್ಟವಾಗಿ ಬಿದ್ದಿತ್ತು. ಚಿತ್ರದಲ್ಲಿ ನಿಮಗೂ ಕಾಣುತ್ತಿದೆ. ಆದರೂ ಮುಂದೆ ಕುಳಿತಿದ್ದ ಹುಡುಗಿ ಅಳತೆಪಟ್ಟಿಯನ್ನು ನೆಲದಿಂದ ಎತ್ತಿಕೊಂಡು ತನ್ನ ಪುಸ್ತಕದಲ್ಲಿ ಸೊನ್ನೆ ಬರೆದಳು. ಏಕೆ ಎಂದು ಕೇಳಿದರೆ, "ಮಿಸ್, ಇಲ್ಲಿ ಸೊನ್ನೆ ಅಂತಾನೇ ಕೊಟ್ಟಿದ್ದಾರಲ್ಲ" ಎಂದಳು. ತಪ್ಪು ಆ ಹುಡುಗಿಯದಲ್ಲ. ಅಳೆಯುವುದಕ್ಕೆ ಮೊದಲೇ ಉತ್ತರವನ್ನು ಕೈಗಿಟ್ಟರೆ ಯಾವ ಮಗುವಾದರೂ ಹಾಗೆಯೇ ಮಾಡುತ್ತದೆ. ಹಾಳೆಗಳನ್ನೆಲ್ಲ ಹಿಂದಕ್ಕೆ ಪಡೆದು, ಖಾಲಿ ಪುಟದಲ್ಲಿ ಎರಡು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸುವಂತೆ ಹೇಳಿದೆ.

ಈಗ 12 ಗಂಟೆ 10 ನಿಮಿಷ. ನೆರಳು ಮೊಟಕಾಗುತ್ತಿದೆ. ತೆಳುಮೋಡವೊಂದು ಬಂದುಹೋದದ್ದನ್ನು ಕತ್ತರಿಸಿದ್ದೇನೆ. 12 ಗಂಟೆ 17 ನಿಮಿಷ ದಾಟುತ್ತಿದ್ದಂತೆ, ನೋಡಿ, ಕಡ್ಡಿಯ ಸುತ್ತ ಎಲ್ಲಿಯೂ ನೆರಳಿಲ್ಲ. ಈ ಕೂಗಾಟವನ್ನು ನಾನು ತಗ್ಗಿಸಿಲ್ಲ; ಅದು ಹಾಗೆಯೇ ಕೇಳಿಸಲಿ. ಇನ್ನು ಸ್ವಲ್ಪ ಹೊತ್ತಿಗೆ ನೆರಳು ಕಡ್ಡಿಯ ಪೂರ್ವಕ್ಕೆ ಇಣುಕುತ್ತದೆ. ಕಿಟ್‌ನ ದಿಕ್ಸೂಚಿಯನ್ನು ಬೆಳಿಗ್ಗೆ ನಾನು ಆಟಿಕೆ ಎಂದುಕೊಂಡಿದ್ದೆ, ಆದರೆ ನೆರಳು ಯಾವ ಕಡೆಯಿಂದ ಯಾವ ಕಡೆಗೆ ದಾಟಿತು ಎಂಬುದನ್ನು ಮಕ್ಕಳು ಅದರಿಂದಲೇ ಹೇಳಿದ್ದರಿಂದ ಅದೊಂದು ಡಬ್ಬದಲ್ಲಿ ಇರಲಿ ಎಂದು ಈಗ ಹೇಳುತ್ತೇನೆ.

ಹನ್ನೆರಡಕ್ಕೆ ಆಗಬೇಕಾದದ್ದು ಹದಿನೇಳು ನಿಮಿಷ ತಡವಾದದ್ದೇಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ನಮ್ಮ ಗಡಿಯಾರಗಳು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾಗುವುದರಿಂದ ನಮ್ಮ ನಡುಹಗಲು ಸುಮಾರು ಇಪ್ಪತ್ತು ನಿಮಿಷ ತಡ. ಭೂಮಿ ಸೂರ್ಯನನ್ನು ಸುತ್ತುವ ವೇಗದ ಏರಿಳಿತ ಮತ್ತು ಅದರ ಅಕ್ಷದ ಓರೆಯಿಂದಾಗಿ ಏಪ್ರಿಲ್ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ ಎರಡು ನಿಮಿಷದಷ್ಟು ಮುಂದಿರುವುದರಿಂದ ಅಷ್ಟನ್ನು ಕಳೆಯಬೇಕು. ಈ ಎರಡನೆಯ ಕಾರಣವನ್ನು ನಾಳೆಗೆ ಉಳಿಸಿದ್ದೇನೆ, ಏಕೆಂದರೆ ಮೊದಲನೆಯ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಲು ಬಂದವಳು ಅದೇ ಸೊನ್ನೆ ಬರೆದ ಹುಡುಗಿ, ಅವಳಿಗೆ ಬೇಕಾದಷ್ಟು ಸಮಯ ಕೊಡುವುದೇ ಸರಿಯೆನಿಸಿತು.

ಬೇರೆ ಊರುಗಳಲ್ಲಿರುವವರಿಗೆ ಒಂದು ಮಾತು. ಮೈಸೂರಿನಲ್ಲಿ ಇದು ಬೆಂಗಳೂರಿಗಿಂತ ಒಂದೆರಡು ದಿನ ಮೊದಲೇ ಆಗಿಹೋಗುತ್ತದೆ. ಬೆಳಗಾವಿಗೆ ಮೇ ಮೊದಲ ವಾರದಲ್ಲಿ, ಬೀದರಿಗೆ ಎರಡನೆಯ ವಾರದಲ್ಲಿ ಬರುತ್ತದೆ. ದೆಹಲಿಯು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇರುವುದರಿಂದ ಅಲ್ಲಿ ಎಂದಿಗೂ ಬಾರದು. ಬೆಂಗಳೂರಿಗೆ ಸೂರ್ಯ ದಕ್ಷಿಣಕ್ಕೆ ಮರಳುವಾಗ, ಆಗಸ್ಟ್ 18ರ ಸುಮಾರಿಗೆ, ಇನ್ನೊಂದು ಅವಕಾಶವಿದೆ, ಆದರೆ ಮಳೆಗಾಲದ ಮೋಡ ಸರಿಯಬೇಕು. ನೆರಳಿನ ಅಳತೆಯನ್ನು ಮಕ್ಕಳಿಂದಲೇ ಬರೆಸಿ. ಸಮಯವನ್ನು ನೀವು ಮೊದಲೇ ಹೇಳಬೇಡಿ.

ಊಟದ ಗಂಟೆ ಬಾರಿಸಿತು. ಮಧ್ಯಾಹ್ನದ ತರಗತಿ ಬೇರೊಬ್ಬ ಶಿಕ್ಷಕರದಾದ್ದರಿಂದ ಕ್ಯಾಮೆರಾವನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇನೆ. ಕಿಟ್‌ನ ಬೆಲೆ ಮತ್ತು ಆ ಹಾಳೆಯ ವಿಷಯವನ್ನು ಸಂಜೆ ಆಯೋಜಕರ ಮುಂದೆ ಇಡುತ್ತೇನೆ; ಅವರ ಉತ್ತರವನ್ನು ಮುಂದಿನ ವಿಡಿಯೊದಲ್ಲಿ ತಿಳಿಸುತ್ತೇನೆ.