ಹುಲ್ಲು ಸತ್ತಿಲ್ಲ, ಮಲಗಿದೆ! ಪೈಪ್ ಸುತ್ತಿಡಿ

ನಮಸ್ಕಾರ ಎಲ್ರಿಗೂ. ಇವತ್ತು ಕರಿಬೇವಿನ ಗಿಡದ ಬಗ್ಗೆ ಮಾತಾಡೋಣ ಅಂತ ಸ್ಕ್ರಿಪ್ಟ್ ಬರೆದಿಟ್ಟಿದ್ದೆ, ಅದು ಮುಂದಿನ ವಾರಕ್ಕೆ. ಯಾಕಂದ್ರೆ ಬೆಳಿಗ್ಗೆ ಕಾಫಿ ಕುಡೀತಾ ಕಾಮೆಂಟ್ಸ್ ನೋಡ್ತಾ ಇದ್ದೆ, ಅದ್ರಲ್ಲಿ ಒಬ್ರು ಬರ್ದಿದಾರೆ, "ಸಾರ್, 40 ಸಾವಿರ ಕೊಟ್ಟು ಮನೆ ಮುಂದೆ ಲಾನ್ ಹಾಕ್ಸಿದೀನಿ, ಹಳದಿ ಆಗ್ತಾ ಇದೆ, ರಾತ್ರಿ 11 ಗಂಟೆ ಮೇಲೆ ಪೈಪ್ ಬಿಟ್ರೆ ಯಾರಿಗೆ ಗೊತ್ತಾಗುತ್ತೆ?" ಅದಕ್ಕೆ 60 ಜನ ಲೈಕ್ ಬೇರೆ. ಕಾಫಿ ಅಲ್ಲೇ ತಣ್ಣಗಾಯ್ತು.

ಅಣ್ಣ, ಒಂದೇ ಮಾತು ಹೇಳ್ತೀನಿ, ನಿಮ್ಮ ಹುಲ್ಲು ಸಾಯ್ತಾ ಇಲ್ಲ. ಮಲಗ್ತಾ ಇದೆ. ಬಿಟ್ಬಿಡಿ ಅದನ್ನ.

ಮೊದ್ಲು ರೂಲ್ಸ್ ಏನು ಅಂತ ನೋಡೋಣ, ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶ ಮಾಡ್ತು, ಕುಡಿಯೋ ನೀರನ್ನ ಕಾರು ತೊಳೆಯೋಕೆ, ಗಾರ್ಡನ್‌ಗೆ, ಕಟ್ಟಡ ಕೆಲಸಕ್ಕೆ, ಕಾರಂಜಿಗೆ ಬಳಸೋ ಹಾಗಿಲ್ಲ ಅಂತ. ಸಿಕ್ಕಿಬಿದ್ರೆ 5000 ದಂಡ, ಮತ್ತೆ ಅದೇ ಮಾಡಿದ್ರೆ ಇನ್ನೊಂದು 5000, ಅದ್ರ ಮೇಲೆ ದಿನಕ್ಕೆ 500. ಯಾರೂ ಹಿಡಿಯಲ್ಲ ಅಂದ್ಕೊಂಡಿದ್ರು, ಅದೇ ತಿಂಗಳು 22 ಮನೆಯವ್ರ ಹತ್ರ 1.1 ಲಕ್ಷ ವಸೂಲಿ ಮಾಡಿದ್ರು. 2025ರ ಫೆಬ್ರವರಿಲಿ ಮತ್ತೆ ಅದೇ ಆದೇಶ. ಆದ್ರೆ ನಾನು ದಂಡದ ಭಯ ಹುಟ್ಸೋಕೆ ಈ ಎಪಿಸೋಡ್ ಮಾಡ್ತಿಲ್ಲ. ದಂಡ ಇಲ್ದೇ ಇದ್ರೂ ನೀವು ಆ ನೀರು ಬಿಡಬಾರ್ದು, ಯಾಕಂದ್ರೆ ಆ ಹುಲ್ಲಿಗೆ ಅದು ಬೇಕಾಗೇ ಇಲ್ಲ!

ನೆಲದ ಮೇಲೆ ಕಾಣೋ ಎಲೆ ಹಳದಿ ಆಯ್ತು ಅಂದ್ರೆ ಗಿಡ ಹೋಯ್ತು ಅಂತಲ್ಲ. ನೀರು ಕಮ್ಮಿ ಆದಾಗ ಹುಲ್ಲು ಎಲೆನ ತಾನೇ ಒಣಗಿಸ್ಕೊಂಡು, ಬುಡ ಮತ್ತೆ ಬೇರಲ್ಲಿ ಜೀವ ಇಟ್ಕೊಂಡು ಕೂತ್ಕೊಳ್ಳುತ್ತೆ. ನಮ್ಮ ಗರಿಕೆ ತಗೊಳ್ಳಿ. ಗಣೇಶನಿಗೆ 21 ಎಳೆ ಇಡ್ತೀವಲ್ಲ, ಅದೇ ಗರಿಕೆ, ಅದನ್ನೇ ನರ್ಸರಿಯವ್ರು ಬರ್ಮುಡಾ ಗ್ರಾಸ್ ಅಂತ ಹೆಸರಿಟ್ಟು ಮಾರೋದು. ನಮ್ಮ ತಾತ ರಾಗಿ ಹೊಲದಲ್ಲಿ ಗರಿಕೆ ಜೊತೆ ಜೀವನ ಪೂರ್ತಿ ಜಗಳ ಆಡಿದ್ರು, ಉತ್ತು, ಕಿತ್ತು, ಬದುವಿನ ಮೇಲೆ ಗುಡ್ಡೆ ಹಾಕಿ ಸುಟ್ರೂ ಮಣ್ಣೊಳಗೆ ಒಂದು ಗೆಣ್ಣು ಉಳಿದಿದ್ರೆ ಸಾಕು, ಮುಂಗಾರು ಬಿದ್ದ ತಕ್ಷಣ ಮತ್ತೆ ಹಾಜರು. ರೈತ ಸಾಯ್ಸೋಕೆ ಆಗದೇ ಇರೋ ಹುಲ್ಲನ್ನ ನೀವು ಕಾವೇರಿ ನೀರು ಹಾಕಿ ಬದುಕಿಸ್ತೀನಿ ಅಂತೀರಲ್ಲ ಅಣ್ಣ!

ನಾನೇ ಮಾಡಿ ನೋಡಿದೀನಿ, ಸುಮ್ನೆ ಹೇಳ್ತಿಲ್ಲ. 2024ರಲ್ಲಿ ಆದೇಶ ಬಂದ ದಿನವೇ ನಮ್ಮನೆ ಪೈಪ್ ಸುತ್ತಿ ಮೆಟ್ಟಿಲ ಕೆಳಗೆ ಹಾಕ್ದೆ. ಆ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮಳೆನೇ ಬರ್ಲಿಲ್ಲ, ನೆನಪಿದ್ಯಾ? ಲಾನ್ ಮೊದಲು ಬೂದಿ ಬಣ್ಣ ತಿರುಗ್ತು, ನಡೆದ ಹೆಜ್ಜೆ ಗುರುತು ಹಾಗೇ ಉಳೀತಿತ್ತು, ಆಮೇಲೆ ಭತ್ತದ ಹುಲ್ಲಿನ ಬಣ್ಣ, ಕಾಲಿಟ್ರೆ ಚರಚರ ಅನ್ನೋದು. ಅಮ್ಮ ದಿನಾ ಬಾಗಿಲಲ್ಲಿ ನಿಂತು "ಮನೆ ಮುಂದೆ ಹಿಂಗೆ ಒಣಗಿದ್ರೆ ಒಳ್ಳೇದಲ್ಲ ಕಣೋ" ಅನ್ನೋರು. ಒಂದಿನ ಊಟದ ಚಮಚ ತಗೊಂಡು ಒಂದು ಗಡ್ಡೆ ಎಬ್ಬಿಸ್ದೆ. ಮೇಲಿನ ಎಲೆ ಉಜ್ಜಿದ್ರೆ ಪುಡಿ. ಒಣಗಿದ ಸಿಪ್ಪೆನ ಉಗುರಲ್ಲಿ ಬಿಡಿಸ್ತಾ ಹೋದೆ, ಬುಡದಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಒಂದು ಮೊಳಕೆ, ಅದ್ರ ತುದಿಲಿ ತೆಳ್ಳಗೆ ಹಸಿರು. ಅಮ್ಮನ ಕೈಗೆ ಕೊಟ್ಟೆ. ಆಮೇಲೆ ಅವ್ರು ಮಾತೇ ಎತ್ಲಿಲ್ಲ. ಮೇ ತಿಂಗಳಲ್ಲಿ ಮಳೆ ಶುರುವಾಯ್ತು, ಹತ್ತು ದಿನಕ್ಕೆ ಅಲ್ಲಲ್ಲಿ ಹಸಿರು, ಜೂನ್ 2ನೇ ತಾರೀಕು ಒಂದೇ ದಿನ 111 ಮಿಲಿಮೀಟರ್ ಹೊಡೀತಲ್ಲ, ಅದಾದ ಮೇಲೆ ವಾರಕ್ಕೊಂದ್ಸಲ ಕತ್ತರಿಸಿದ್ರೂ ಸಾಕಾಗ್ತಿರ್ಲಿಲ್ಲ. ಮಲಗಿತ್ತು, ಎದ್ದಿತು, ಅಷ್ಟೇ.

ಹಾ, ಒಂದು ನಿಮಿಷ, ಆ ವಿಡಿಯೋ ಚಾನೆಲ್‌ನಲ್ಲಿದೆ, ನೋಡಿಲ್ಲ ಅಂದ್ರೆ ನೋಡಿ. ಸಬ್‌ಸ್ಕ್ರೈಬ್ ಮಾಡಿ, ನಿಜವಾಗ್ಲೂ ಹೇಳ್ತಿದೀನಿ, ನೋಡೋರಲ್ಲಿ ಅರ್ಧ ಜನ ಸಬ್‌ಸ್ಕ್ರೈಬ್ ಮಾಡಿಲ್ಲ.

ಈಗ ಲೆಕ್ಕ. ನಿಮ್ಮದು 400 ಸ್ಕ್ವೇರ್ ಫೀಟ್ ಲಾನ್ ಅಂತಿಟ್ಕೊಳ್ಳಿ, 37 ಚದರ ಮೀಟರ್. ದಿನಕ್ಕೆ 5 ಮಿಲಿಮೀಟರ್ ನೀರು ಬಿಟ್ರೂ 185 ಲೀಟರ್, ಹತ್ತು ಬಕೆಟ್. ನಗರದಲ್ಲಿ ಒಬ್ಬ ಮನುಷ್ಯನಿಗೆ ಇಡೀ ದಿನಕ್ಕೆ ಸ್ನಾನ, ಅಡುಗೆ, ಬಟ್ಟೆ, ಟಾಯ್ಲೆಟ್ ಎಲ್ಲಾ ಸೇರಿ ಲೆಕ್ಕ ಹಿಡಿಯೋದು 135 ಲೀಟರ್. ಅಂದ್ರೆ ನಿಮ್ಮ ಹುಲ್ಲು ನಿಮ್ಮನೆ ಮಗುಗಿಂತ ಜಾಸ್ತಿ ಕುಡೀತು! ಅದೂ ಯಾವ ನೀರು? ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಹೊಡೆದು ಮೇಲೆತ್ತಿಕೊಂಡು ತಂದ ನೀರು. ಅದನ್ನ ನಿದ್ದೆ ಮಾಡ್ತಿರೋ ಹುಲ್ಲಿನ ಮುಖಕ್ಕೆ ಎರಚೋದಾ?

"ಸಾರ್ ನನ್ದು ಕಾವೇರಿ ಅಲ್ಲ, ಸ್ವಂತ ಬೋರ್‌ವೆಲ್" ಅಂತಾರೆ ಕೆಲವ್ರು. ಸ್ವಂತ ಬೋರು ಸರಿ, ನೀರು ನಿಮ್ಮ ಸ್ವಂತದ್ದಾ? ಕಾಂಪೌಂಡ್ ಗೋಡೆ ನೆಲದ ಕೆಳಗೂ ಇಳಿದಿದ್ಯಾ? 2024ರಲ್ಲಿ ನಗರದ 13,900 ಸರ್ಕಾರಿ ಬೋರ್‌ವೆಲ್‌ನಲ್ಲಿ 6,900 ಒಣಗಿದ್ವು ಅಂತ ಸರ್ಕಾರನೇ ಹೇಳ್ತು, ಉಪಮುಖ್ಯಮಂತ್ರಿ ಮನೆ ಬೋರೇ ಬತ್ತಿತ್ತು. ಇನ್ನೊಬ್ರು ಕೇಳ್ತಾರೆ, ಚಿನ್ನಸ್ವಾಮಿ ಸ್ಟೇಡಿಯಂಗೆ ಮಾತ್ರ ನೀರು ಸಿಗುತ್ತೆ ನಮಗೆ ಯಾಕಿಲ್ಲ ಅಂತ. ಅವ್ರಿಗೆ ಆ ಐಪಿಎಲ್ ಟೈಮಲ್ಲಿ ಕೊಟ್ಟಿದ್ದು ಶುದ್ಧೀಕರಿಸಿದ ಕೊಳಚೆ ನೀರು ಸ್ವಾಮಿ, ಕಾವೇರಿ ಅಲ್ಲ. ನಿಮ್ಮ ಅಪಾರ್ಟ್‌ಮೆಂಟಲ್ಲಿ ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕ, ಇದ್ರೆ ಆ ನೀರು ಬಿಡಿ, ಯಾರು ಬೇಡ ಅಂದ್ರು?

"ಹೊಸದಾಗಿ ಹಾಸಿದ ಹುಲ್ಲು ಸಾರ್, ಬೇರೇ ಬಿಟ್ಟಿಲ್ಲ" ಅಂತ ಇನ್ನೊಂದು. ಅದು ಒಣಗುತ್ತೆ, ಒಪ್ಕೊಂಡೆ. ಮಾರ್ಚ್ ತಿಂಗಳಲ್ಲಿ ಹಾಸ್ಸಿ ಅಂತ ಯಾರು ಹೇಳಿದ್ದು ನಿಮಗೆ! ಜೂನ್‌ನಲ್ಲಿ ಹಾಸ್ಸಿ.

ಏನೂ ಮಾಡದೆ ಇರೋಕೆ ಆಗಲ್ಲ, ಕೈ ತುರಿಸುತ್ತೆ ಅನ್ನೋರಿಗೆ ಹೇಳ್ತೀನಿ. ಮಷಿನ್‌ನ ಬ್ಲೇಡ್ ಮೇಲಕ್ಕೆತ್ತಿ, ತುಂಬಾ ಬೋಳು ಹೊಡೀಬೇಡಿ, ಇಲ್ಲಾ ಮಷಿನ್ನೇ ಬೇಡ. ಯೂರಿಯಾ ಹಾಕ್ಬೇಡಿ, ಮಲಗಿರೋರ ಬಾಯಿಗೆ ಮುದ್ದೆ ತುರುಕಿದ ಹಾಗೆ ಅದು. ಮಕ್ಕಳನ್ನ ಅದ್ರ ಮೇಲೆ ಕ್ರಿಕೆಟ್ ಆಡೋಕೆ ಬಿಡ್ಬೇಡಿ. ಹದಿನೈದಿಪ್ಪತ್ತು ದಿನಕ್ಕೊಂದ್ಸಲ ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ಕಲಗಚ್ಚು, ಎಸಿ ಪೈಪಿಂದ ತೊಟ್ಟಿಕ್ಕೋ ನೀರು ಕೂಡಿಟ್ಟು ಸಾಯಂಕಾಲ ಹಾಕಿ, ಬುಡ ಬದುಕಿದ್ರೆ ಆಯ್ತು, ಎಲೆ ಹಸಿರಾಗ್ಬೇಕಿಲ್ಲ. ನಮ್ಮ ಅಜ್ಜಿ ಮನೇಲಿ ಬಚ್ಚಲ ನೀರು ಪೂರ್ತಿ ಬಾಳೆಗೇ ಹೋಗ್ತಿತ್ತು, ಒಂದು ಚೊಂಬು ವೇಸ್ಟ್ ಇಲ್ಲ. ಅಷ್ಟು ನೀರಿದ್ರೆ ಮೊದ್ಲು ನಿಮ್ಮ ಮನೆ ಮುಂದಿರೋ ಹೊಂಗೆ ಸಸಿಗೆ ಹಾಕಿ, ಎಳೇ ಮರ ಒಣಗಿ ಹೋದ್ರೆ ವಾಪಸ್ ಬರಲ್ಲ. ಹುಲ್ಲು ಬರುತ್ತೆ! ಎಷ್ಟ್ ಸಲ ಹೇಳ್ಲಿ, ಬರುತ್ತೆ!

ಇನ್ನೂ ಎರಡು ಪೇಜ್ ಸ್ಕ್ರಿಪ್ಟ್ ಇದೆ ಇಲ್ಲಿ, ಓದಲ್ಲ ಬಿಡಿ. ನಮ್ಮ ಬೀದಿಲಿ ಮೂರನೇ ಮನೆಲಿ ಬಾಡಿಗೆಗಿರೋ ಆಂಟಿ ಬೆಳಿಗ್ಗೆ ಐದಕ್ಕೆ ಎದ್ದು ಟ್ಯಾಂಕರ್‌ಗೆ ಕಾಯ್ತಾರೆ, ಕೈಲಿ ನೀಲಿ ಡ್ರಮ್, ಅದ್ರ ಎದುರು ಮನೇಲಿ ಸ್ಪ್ರಿಂಕ್ಲರ್ ತಿರುಗ್ತಾ ಇತ್ತು, ನಾನೇ ಕಣ್ಣಾರೆ ನೋಡಿದೀನಿ, ಆ ಆಂಟಿ ಏನೂ ಅನ್ಲಿಲ್ಲ, ಸುಮ್ನೆ ನೋಡ್ತಾ ನಿಂತಿದ್ರು. ನನಗೆ ಹೊಟ್ಟೆ ಉರೀತು. ಹಳದಿ ಲಾನ್ ನೋಡಿ ನಾಚ್ಕೋಬೇಡ್ರಪ್ಪ, ಹಸಿರು ಲಾನ್ ನೋಡಿ ನಾಚ್ಕೊಳ್ಳಿ!

ಕಾಮೆಂಟ್ ಹಾಕಿದ ಅಣ್ಣ, ನೀವು ಇದನ್ನ ಕೇಳ್ತಾ ಇದ್ರೆ ಒಂದು ಕೆಲಸ ಮಾಡಿ. ಇವತ್ತು ರಾತ್ರಿ 11 ಗಂಟೆಗೆ ಪೈಪ್ ಬದಲು ಚಮಚ ತಗೊಂಡು ಹೊರಗೆ ಬನ್ನಿ, ಒಂದು ಗಡ್ಡೆ ಎಬ್ಬಿಸಿ, ಮೊಬೈಲ್ ಟಾರ್ಚ್ ಹಾಕಿ ಬುಡ ಬಿಡಿಸಿ ನೋಡಿ, ಫೋಟೋ ತೆಗೆದು ನನಗೆ ಕಳಿಸಿ. ಮುಂದಿನ ವಾರ ಕರಿಬೇವಿಗಿಂತ ಮುಂಚೆ ಅದನ್ನೇ ತೋರಿಸ್ತೀನಿ.