ಸಾಲ ಡಾಲರಿನಲ್ಲಿ, ಗಳಿಕೆ ರೂಪಾಯಿಯಲ್ಲಿ: ಶ್ರೀಲಂಕಾದ ಲೆಕ್ಕ

ಮಾನ್ಯರೇ,

2022ರ ಏಪ್ರಿಲ್ 12ರಂದು ಶ್ರೀಲಂಕಾ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಯಾಕೆ ಹೀಗಾಯಿತು ಎಂದರೆ ಹೆಚ್ಚಿನವರು ಚೀನಾದ ಸಾಲದಲ್ಲಿ ಕಟ್ಟಿದ ಹಂಬನ್‌ತೋಟ ಬಂದರಿನತ್ತ, ಚೀನಾದತ್ತ ಬೆರಳು ತೋರಿಸುತ್ತಾರೆ. ಅದು ಅರ್ಧ ಸತ್ಯ. ಹೆಚ್ಚು ಕಾಡಿದ್ದು ಸುಮಾರು 1,250 ಕೋಟಿ ಡಾಲರಿನ ಸಾವರಿನ್ ಬಾಂಡುಗಳು, ಅಂದರೆ ಸರ್ಕಾರ ವಿದೇಶಿ ಹೂಡಿಕೆದಾರರಿಗೆ ಮಾರಿದ ಸಾಲಪತ್ರಗಳು. ಅವುಗಳ ಬಡ್ಡಿ ಜಾಸ್ತಿ, ಅಸಲನ್ನು ಒಂದೇ ಗಂಟಿನಲ್ಲಿ ಮರಳಿಸಬೇಕು. ಹಳೆಯದನ್ನು ತೀರಿಸಲು ಹೊಸ ಬಾಂಡು ಮಾರಲೇಬೇಕು.

ಆ ದಾರಿ ಮುಚ್ಚಿದ್ದು 2019ರ ಕೊನೆಯ ತೆರಿಗೆ ಕಡಿತದಿಂದ. ವ್ಯಾಟ್ ಶೇ. 15ರಿಂದ 8ಕ್ಕೆ ಇಳಿಯಿತು. ವ್ಯಾಟ್ ನೋಂದಣಿ ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿ 1.2 ಕೋಟಿಯಿಂದ 30 ಕೋಟಿ ಶ್ರೀಲಂಕಾ ರೂಪಾಯಿಗೆ ಏರಿತು. ನನ್ನ ಪ್ರಕಾರ ಎರಡನೆಯದೇ ದೊಡ್ಡ ಪೆಟ್ಟು. ದರವನ್ನು ಒಂದು ಅಧಿಸೂಚನೆಯಲ್ಲಿ ಏರಿಸಬಹುದು, ಲೆಕ್ಕದಿಂದ ಜಾರಿಹೋದ ವ್ಯಾಪಾರಿಯನ್ನು ಮತ್ತೆ ಹಿಡಿದು ತರಲು ವರ್ಷಗಳೇ ಬೇಕು. ಆದಾಯ ಕುಸಿಯಿತು, ಸಾಲ ತೀರಿಸುವ ಸಾಮರ್ಥ್ಯದ ರೇಟಿಂಗ್ ಬಿತ್ತು, ಹೊಸ ಬಾಂಡು ಕೊಳ್ಳುವವರಿಲ್ಲವಾದರು, ಕೋವಿಡ್ ಪ್ರವಾಸಿಗರನ್ನು ತಡೆಯಿತು. ಕೇಂದ್ರ ಬ್ಯಾಂಕು ಡಾಲರನ್ನು 200 ರೂಪಾಯಿಯ ಆಸುಪಾಸಿನಲ್ಲೇ ಕಟ್ಟಿಹಾಕಲು ಹೋಗಿ ವಿದೇಶಿ ವಿನಿಮಯ ಮೀಸಲು ಕರಗಿಸಿತು. ಹೊರಗೆ ಡಾಲರಿಗೆ ಹೆಚ್ಚು ದರ ಸಿಗುವಾಗ ಗಲ್ಫ್‌ನಲ್ಲಿ ದುಡಿಯುವವರು ಬ್ಯಾಂಕಿನ ಮೂಲಕ ಹಣ ಕಳಿಸುವರೇ? ಹವಾಲಾ ಹಿಡಿದರು.

ಚಿಕಿತ್ಸೆಯೂ ಕಟುವಾಗಿತ್ತು. ಬಡ್ಡಿದರ ಒಂದೇ ದಿನ 7 ಶೇಕಡಾಂಶ ಏರಿತು. 2023ರ ಮಾರ್ಚಿನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ನಾಲ್ಕು ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ಒಪ್ಪಿತು, ಅದೂ ಪ್ರತಿ ಪರಿಶೀಲನೆಯ ನಂತರ ಒಂದೊಂದು ಕಂತು. ವ್ಯಾಟ್ 2024ರ ಜನವರಿಗೆ ಶೇ. 18 ಮುಟ್ಟಿತು.

ಸಾಲದ ಮರುಹೊಂದಾಣಿಕೆ, ಅಂದರೆ ಸಾಲ ಕೊಟ್ಟವರೊಂದಿಗೆ ಮರುಪಾವತಿಯ ಹೊಸ ಒಪ್ಪಂದ, ಎಳೆದಾಡಿದ್ದಕ್ಕೆ ಕಾರಣವಿದೆ. ಭಾರತ, ಜಪಾನ್, ಫ್ರಾನ್ಸ್ ಮುಂದಾಳತ್ವದ, ಸಾಲ ಕೊಟ್ಟ ದೇಶಗಳ ಸಮಿತಿ ಒಂದು ಕಡೆ, ಚೀನಾದ ಎಕ್ಸಿಮ್ ಬ್ಯಾಂಕ್ ಇನ್ನೊಂದು ಕಡೆ, ಬಾಂಡುದಾರರು ಮತ್ತೊಂದು ಕಡೆ. ಸಾಲ ಕೊಟ್ಟ ಒಬ್ಬರು ರಿಯಾಯಿತಿ ಕೊಟ್ಟರೆ ಉಳಿದವರೂ ಹೆಚ್ಚುಕಡಿಮೆ ಅಷ್ಟೇ ಕೊಡಬೇಕು ಎಂಬ ನಿಯಮವಿರುವುದರಿಂದ ಯಾರೂ ಮೊದಲು ಸಹಿ ಹಾಕಲು ತಯಾರಿರಲಿಲ್ಲ. ಹಳೆಯ ಬಾಂಡುಗಳಿಗೆ ಬದಲಾಗಿ ಹೊಸವನ್ನು ಕೊಡುವ ವಿನಿಮಯ ಮುಗಿದಾಗ 2024ರ ಡಿಸೆಂಬರ್. ದೇಶದೊಳಗೆ ಬ್ಯಾಂಕುಗಳ ಬಳಿಯಿದ್ದ ರೂಪಾಯಿ ಲೆಕ್ಕದ ಸರ್ಕಾರಿ ಬಾಂಡುಗಳನ್ನು ಮುಟ್ಟಲಿಲ್ಲ, ಬ್ಯಾಂಕು ಮುಳುಗಿದರೆ ಠೇವಣಿಯೂ ಮುಳುಗುತ್ತದೆ ಎಂಬ ಭಯ. ಹೊರೆ ಬಿದ್ದದ್ದು ಕಾರ್ಮಿಕರ ಭವಿಷ್ಯ ನಿಧಿಯ ಮೇಲೆ. ಇದು ನ್ಯಾಯವೆಂದು ನನಗನ್ನಿಸುವುದಿಲ್ಲ.

ಹೊಸ ಬಾಂಡುಗಳಲ್ಲಿ ಹೆಚ್ಚಿನವಕ್ಕೆ ಒಂದು ಷರತ್ತೂ ಇದೆ: ಡಾಲರ್ ಲೆಕ್ಕದ ಜಿಡಿಪಿ ಐಎಂಎಫ್ ಅಂದಾಜನ್ನು ಮೀರಿದರೆ ಪಾವತಿಯೂ ಹೆಚ್ಚುತ್ತದೆ. ಜಿಡಿಪಿ ದೇಶದೊಳಗಿನ ಖರ್ಚಿನಿಂದಲೂ ಬೆಳೆಯಬಹುದು, ರೂಪಾಯಿ ಬಲವಾದರೂ ಡಾಲರಿನಲ್ಲಿ ದೊಡ್ಡದಾಗಿ ಕಾಣಬಹುದು. ಪಾವತಿಗೆ ಮಾತ್ರ ನಿಜವಾದ ಡಾಲರೇ ಬೇಕು.

ಸಮಸ್ಯೆ ಇರುವುದು ಇಲ್ಲೇ. 2000ದಲ್ಲಿ ಡಾಲರ್ ತರುವ ರಫ್ತು ಜಿಡಿಪಿಯ ಸುಮಾರು ಶೇ. 39 ಇತ್ತು, 2019ಕ್ಕೆ ಶೇ. 23ರ ಆಸುಪಾಸು. ಆಮದು ಸುಂಕದ ಜೊತೆಗೆ ಸೆಸ್, ಬಂದರು ತೆರಿಗೆ ಹೇರಿದ್ದರಿಂದ ಒಳಗೆ ಮಾರುವುದೇ ಉತ್ಪಾದಕರಿಗೆ ಲಾಭವಾಯಿತು. ಆ ತೆರಿಗೆಗಳನ್ನು ತೆಗೆಯದೆ ರಫ್ತು ಏಳದು. ತೆಗೆದರೆ, ಬಡ್ಡಿಯ ಖರ್ಚು ಬಿಟ್ಟು ಸರ್ಕಾರ ತನ್ನ ಆದಾಯದಲ್ಲಿ ಜಿಡಿಪಿಯ ಶೇ. 2.3ರಷ್ಟು ಮಿಗಿಸಬೇಕೆಂಬ ಐಎಂಎಫ್ ಗುರಿಗೆ ಬೇಕಾದ ಹಣ ಬೇರೆಲ್ಲಿಂದಲೋ ಬರಬೇಕು, ಅಂದರೆ 2019ರಲ್ಲಿ ಲೆಕ್ಕದಿಂದ ಹೊರಬಿದ್ದ ಆ ವ್ಯಾಪಾರಿಗಳಂಥವರಿಂದಲೇ.